ತಪ್ಪು ಒಂದು ಸಾಲಿನದ್ದು, ಟೂಲ್ ಯಾಕೆ ಮುಚ್ಚಬೇಕು?

ಗಂಗಾವತಿ ಕಡೆ ಭತ್ತದ ಕೊಯ್ಲು ಶುರುವಾದರೆ ರೈಸ್ ಮಿಲ್ಲಿನ ವೇಬ್ರಿಡ್ಜ್ ಮುಂದೆ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟುತ್ತವೆ. ಆವಕ ಬರೆಯುವ ಗುಮಾಸ್ತರಿಗೆ ನಾನು ಕಮಾಂಡ್ ಹೊಡೆಯುವ ಟೂಲನ್ನೇ ಮಾಡಿಕೊಡುತ್ತೇನೆ. ಮೌಸ್ ಹಿಡಿಯುವ ಗೋಜಿಲ್ಲ, ಕೈ ಬೇಗ ಓಡುತ್ತದೆ. ಬೇಗ ಓಡಿದರೆ ತಪ್ಪೂ ಆಗುತ್ತದೆ, ಅಲ್ವಾ? ಆ ತಪ್ಪು ಆ ಸಾಲಿಗೇ ಮುಗಿಯಬೇಕು. ಅಲ್ಲಿವರೆಗೆ ತುಂಬಿದ್ದು ಹೋಗಬಾರದು.

ಇಂಥ ಕೆಲಸಕ್ಕೆ ಪೈಥಾನ್ ಭಾಷೆಯ ಸಿಎಮ್‌ಡಿ (cmd) ಮಾಡ್ಯೂಲ್, ಅಂದರೆ ಹೊಡೆದ ಕಮಾಂಡನ್ನು ಒಂದೊಂದೇ ಸಾಲಾಗಿ ಓದಿ ಓಡಿಸುವ ಸಿದ್ಧ ಕೋಡ್, ಚೆನ್ನಾಗಿದೆ. ಆದರೆ ಇದ್ದ ಹಾಗೇ ಬಳಸಿದರೆ ಕಷ್ಟ. '240' ಅನ್ನುವ ಕಡೆ '240 ಚೀಲ' ಅಂತ ಹೊಡೆದರೆ, ಅದನ್ನು ಅಂಕಿಗೆ ತಿರುಗಿಸುವಾಗ ವ್ಯಾಲ್ಯೂಎರರ್ ಅನ್ನುವ ಎರರ್ ಬರುತ್ತದೆ. ಹಿಡಿಯದಿದ್ದರೆ ಟೂಲೇ ನಿಂತು, ಗುಮಾಸ್ತರ ಮುಂದೆ ಉದ್ದನೆಯ ಟ್ರೇಸ್‌ಬ್ಯಾಕ್, ಅಂದರೆ ಎರರ್ ಕೋಡಿನ ಎಲ್ಲಿ ಆಯಿತು ಅನ್ನುವ ವಿವರ, ಬೀಳುತ್ತದೆ. ಪ್ರತಿ ಕಮಾಂಡೂ ಒನ್‌ಸಿಎಮ್‌ಡಿ ಮೆಥಡ್ ಮೂಲಕವೇ ಹೋಗುವುದರಿಂದ ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ನಾನು ಹಾಕುವುದು ಅಲ್ಲೇ. ಬಳಸುವವರ ತಪ್ಪಾದರೆ ಹೀಗೆ ಹೇಳಿ, ಮುಂದಿನ ಕಮಾಂಡಿಗೆ ಕಾಯುವ ಪ್ರಾಂಪ್ಟಿಗೆ ಮರಳಿದರೆ ಸಾಕು: 'ಚೀಲದ ಲೆಕ್ಕ ಬರೀ ಅಂಕಿಯಲ್ಲಿ ಕೊಡಿ. ನೀವು ಕೊಟ್ಟದ್ದು: 240 ಚೀಲ. ಎಂಟ್ರಿ ಸೇರಿಲ್ಲ.' ಕೋಡಿನದೇ ಬಗ್ ಆದರೆ ಟ್ರೇಸ್‌ಬ್ಯಾಕ್ ಪೂರ್ತಿ ಲಾಗ್ ಫೈಲಿಗೆ ಹೋಗಬೇಕು. ಎರಡನ್ನೂ ಒಂದೇ ಎಕ್ಸೆಪ್ಟಿನಲ್ಲಿ ಸುಮ್ನೆ ನುಂಗಿಬಿಡುವುದಕ್ಕೆ ನನ್ನ ಒಪ್ಪಿಗೆ ಸುತರಾಂ ಇಲ್ಲ. ಬಗ್ ಅಲ್ಲೇ ಉಳಿದು, ಲೆಕ್ಕ ಕೆಡುತ್ತದೆ.

ಜಾಸ್ತಿ ಜನ ಗಮನಿಸದ್ದು ಖಾಲಿ ಎಂಟರ್. ಏನೂ ಬರೆಯದೆ ಎಂಟರ್ ಒತ್ತಿದರೆ ಈ ಮಾಡ್ಯೂಲ್ ಹಿಂದಿನ ಕಮಾಂಡನ್ನೇ ಮತ್ತೆ ಓಡಿಸುತ್ತದೆ. ಅದರ ಮೂಲ ನಡವಳಿಕೆಯೇ ಹಾಗೆ. ಅವಸರದಲ್ಲಿ ಎರಡು ಸಲ ಎಂಟರ್ ಬಿದ್ದರೆ ಒಂದೇ ಲಾರಿ ಎರಡು ಸಲ ಆವಕವಾಗುತ್ತದೆ! ಎರರ್ ಕೂಡ ಬರುವುದಿಲ್ಲ. ಎಂಪ್ಟಿಲೈನ್ ಮೆಥಡ್ಡನ್ನು ಏನೂ ಮಾಡದಂತೆ ತಿದ್ದಿ ಬರೆಯಿರಿ, ಮೊದಲ ದಿನವೇ.

ಕಮಾಂಡಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಪೈಥಾನಿನದೇ ಡಿಫ್‌ಲಿಬ್ ಮಾಡ್ಯೂಲ್ ಹತ್ತಿರದ ಹೆಸರು ಹುಡುಕಿಕೊಡುತ್ತದೆ. ತೋರಿಸಿ, ಆದರೆ ನೀವಾಗಿ ಓಡಿಸಬೇಡಿ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕೂಡ ಸೆಟ್ಟಿಂಗ್ ಬದಲಿಸದಿದ್ದರೆ ಸಲಹೆಯಷ್ಟೇ ಕೊಡುತ್ತದೆ.

ಕಂಟ್ರೋಲ್-ಸಿ ಒತ್ತಿದಾಗ ಬರುವ ಕೀಬೋರ್ಡ್‌ಇಂಟರಪ್ಟ್ ಮಾಮೂಲಿ ಎರರ್‌ಗಳೆಲ್ಲ ಸೇರುವ ಎಕ್ಸೆಪ್ಷನ್ ಕ್ಲಾಸಿನ ಕೆಳಗೆ ಬರುವುದಿಲ್ಲ, ಹಾಗಾಗಿ ಅದನ್ನು ಹಿಡಿಯುವ ಎಕ್ಸೆಪ್ಟಿಗೆ ಇದು ಸಿಗುವುದಿಲ್ಲ. ಬೇರೆಯಾಗಿಯೇ ಹಿಡಿದು, ಅರ್ಧ ತುಂಬಿದ ಎಂಟ್ರಿ ಮಾತ್ರ ರದ್ದು ಮಾಡಿ.

ಈ ತಾಳ್ಮೆಯೆಲ್ಲ ಎದುರಿಗೆ ಮನುಷ್ಯ ಕೂತಿದ್ದಾಗ ಮಾತ್ರ. ಕಮಾಂಡುಗಳು ಫೈಲಿನಿಂದ ಬರುತ್ತಿದ್ದರೆ ಮೊದಲ ತಪ್ಪಿಗೇ ನಿಲ್ಲಿಸಿ, ಎಷ್ಟನೇ ಸಾಲು ಅಂತ ಹೇಳಿ, ಟೂಲ್ ಮುಗಿಯುವಾಗ ಕೊಡುವ ಎಕ್ಸಿಟ್ ಕೋಡನ್ನು ಸೊನ್ನೆಯಲ್ಲದ ಅಂಕಿಯಾಗಿ ಕೊಡಿ. ಸೊನ್ನೆ ಕೊಟ್ಟರೆ ಅದನ್ನು ಓಡಿಸಿದ ಸ್ಕ್ರಿಪ್ಟು ಎಲ್ಲ ಸರಿಹೋಯಿತು ಅಂದುಕೊಂಡು ಮುಂದಕ್ಕೆ ಹೋಗುತ್ತದೆ.