ಆರ್‌ಆರ್ ಯುನಿಟ್ ಅಲ್ಲ, ಮೊದಲು ವೈರ್ ನೋಡಿ

ಬೈಕಿನ ಆರ್‌ಆರ್ ಯುನಿಟ್ (ರೆಗ್ಯುಲೇಟರ್ ರೆಕ್ಟಿಫೈಯರ್, ಬ್ಯಾಟರಿಗೆ ಹೋಗುವ ಕರೆಂಟನ್ನು ಹದಕ್ಕೆ ತರುವ ಡಬ್ಬಿ) ಹೋಯಿತು ಅಂತ ಬರುವವರಲ್ಲಿ ಅರ್ಧಕ್ಕರ್ಧ ಜನರ ಕೈಯಲ್ಲಿ ಹೊಸದು ಆಗಲೇ ಇರುತ್ತದೆ. ಆನ್‌ಲೈನಲ್ಲಿ ತರಿಸಿದ ಮಾಸ್‌ಫೆಟ್ (ಒಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಯುನಿಟ್, ಮೇಲೆ 50 ಆಂಪಿಯರ್ ಅಂತ ಬರೆದಿದೆ, ‘ಇದನ್ನ ಹಾಕಿಬಿಡಿ ಸಾಕು.’ ಸೈಡ್ ಪ್ಯಾನೆಲ್ ಬಿಚ್ಚಿದರೆ ಮೂರು ಹಳದಿ ವೈರ್‌ಗಳ ಕನೆಕ್ಟರ್ ಕಂದು ತಿರುಗಿರುತ್ತದೆ. ಒಂದು ಪಿನ್ ಕರಗಿದ ಪ್ಲಾಸ್ಟಿಕ್ ಜೊತೆ ಅಂಟಿಕೊಂಡು ಎಳೆದರೂ ಬರುವುದಿಲ್ಲ. ಅದೇ ಕನೆಕ್ಟರನ್ನು ಉಜ್ಜಿ ಹೊಸ ಯುನಿಟ್‌ಗೆ ಸಿಕ್ಕಿಸಿ ಅನ್ನುವುದು ಗಿರಾಕಿಯ ಬೇಡಿಕೆ. ಸಿಕ್ಕಿಸಬಹುದು. ಒಂದು ಮಳೆಗಾಲ ಕಳೆಯುವುದರೊಳಗೆ ವಾಪಸ್ ಬರುತ್ತದೆ, ಅಷ್ಟೇ.

ಆರ್‌ಆರ್ ಯುನಿಟ್ ಕರೆಂಟ್ ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಇಂಜಿನ್ ಪಕ್ಕದ ಮ್ಯಾಗ್ನೆಟ್ ಮತ್ತು ಸ್ಟೇಟರ್ ಕಾಯಿಲ್. ಯುನಿಟ್ ಆ ಎಸಿಯನ್ನು ಡಿಸಿ ಮಾಡಿ 14 ರಿಂದ 14.5 ವೋಲ್ಟ್ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. 20 ಆಂಪಿಯರ್ ಕೊಡುವ ಸ್ಟೇಟರ್‌ಗೆ 50 ಆಂಪಿಯರ್ ಯುನಿಟ್ ಹಾಕಿದರೆ ಯುನಿಟ್ ತಣ್ಣಗಿರುತ್ತದೆ, ಫಾಗ್ ಲ್ಯಾಂಪ್‌ಗೆ ಹೆಚ್ಚು ಬೆಳಕೇನೂ ಬರುವುದಿಲ್ಲ.

ಇನ್ನು ಯಾರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ. ವೋಲ್ಟೇಜ್ ನೋಡಲು ಪ್ರತ್ಯೇಕ ಸೆನ್ಸ್ ವೈರ್ ಇಲ್ಲದ ಯುನಿಟ್‌ಗೆ ಕಾಣುವುದು ತನ್ನ ಬಾಯಿಯಲ್ಲಿರುವ ವೋಲ್ಟೇಜ್ ಮಾತ್ರ, ಬ್ಯಾಟರಿಯ ಮೇಲಿರುವುದಲ್ಲ. ಲೆಕ್ಕ ಹಾಕಿ ನೋಡಿ. 1 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 20 ಮಿಲಿಓಮ್ ರೆಸಿಸ್ಟೆನ್ಸ್. ಯುನಿಟ್‌ನಿಂದ ಹಾರ್ನೆಸ್ (ಬೈಕಿನ ವೈರ್‌ಗಳ ಕಟ್ಟು) ಎಲ್ಲ ಸುತ್ತಿ ಬ್ಯಾಟರಿಗೆ ಹೋಗಲು ಒಂದೂವರೆ ಮೀಟರ್, ವಾಪಸ್ ಒಂದೂವರೆ ಮೀಟರ್ ಅಂದರೆ 60 ಮಿಲಿಓಮ್. ಅದರಲ್ಲಿ 15 ಆಂಪಿಯರ್ ಹರಿದರೆ 0.9 ವೋಲ್ಟ್ ದಾರಿಯಲ್ಲೇ ಖಾಲಿ. ಯುನಿಟ್ 14.4 ಕೊಟ್ಟೆ ಅಂದುಕೊಂಡಿರುತ್ತದೆ, ಬ್ಯಾಟರಿಗೆ ತಲುಪುವುದು 13.5. ಇದರಲ್ಲಿ ಕನೆಕ್ಟರ್‌ಗಳ ನಷ್ಟ ಇನ್ನೂ ಸೇರಿಲ್ಲ. ಗಿರಾಕಿ ಎರಡನೇ ಬ್ಯಾಟರಿ ಕೊಳ್ಳುತ್ತಾನೆ, ಬ್ಯಾಟರಿ ಕಂಪನಿಯನ್ನು ಬೈಯುತ್ತಾನೆ. ಅದೇ ದಾರಿಯನ್ನು 2.5 ಸ್ಕ್ವೇರ್ ಎಂಎಂ ವೈರಿನಲ್ಲಿ, ಒಂದೊಂದು ಕಡೆ ಅರ್ಧ ಮೀಟರಿಗೆ ಇಳಿಸಿ ಎಳೆದರೆ ನಷ್ಟ 0.12 ವೋಲ್ಟ್. ಬೈಕ್ ಅದೇ, ಸ್ಟೇಟರ್ ಅದೇ.

ಎಸಿ ಕಡೆಯ, ಅಂದರೆ ಸ್ಟೇಟರ್‌ನಿಂದ ಬರುವ ಮೂರು ಹಳದಿ ವೈರ್‌ಗಳ, ಕನೆಕ್ಟರ್ ಕಥೆಯೂ ಇದೇ ಲೆಕ್ಕ. ತುಕ್ಕು ಹಿಡಿದ ಒಂದು ಪಿನ್ನಿನಲ್ಲಿ 0.1 ಓಮ್ ಇದ್ದು 15 ಆಂಪಿಯರ್ ಹರಿದರೆ 22 ವ್ಯಾಟ್ ಶಾಖ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ 25 ವ್ಯಾಟ್ ಸೋಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಸ್ವಿಚ್ ಹಾಕಿದ ಹಾಗೆ. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರೆ ಪಿನ್ನಿನ ತವರದ ಲೇಪ ಹೋಗುತ್ತದೆ, ಬಿಸಿಗೆ ಹದ ಕಳೆದುಕೊಂಡ ಸ್ಪ್ರಿಂಗ್ ಬಿಗಿತವಂತೂ ವಾಪಸ್ ಬರುವುದಿಲ್ಲ. ಎರಡೂ ಕಡೆಯ ಪಿನ್ ಹೊಸದಾಗಬೇಕು. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಬೇಕು.

ಹಾಗಾಗಿ ಹೊಸ ಯುನಿಟ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ 4000 ಆರ್‌ಪಿಎಂ, ಹೆಡ್‌ಲೈಟ್ ಹೈ ಬೀಮ್. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಒಂದು ಪ್ರೋಬ್ ಯುನಿಟ್‌ನ ಪಾಸಿಟಿವ್ ವೈರ್ ಮೇಲೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಮೇಲೆ. ಬರುವ ಅಂಕಿಯೇ ನಿಮ್ಮ ನಷ್ಟ. ನೆಗೆಟಿವ್ ಕಡೆಯೂ ಹಾಗೇ ನೋಡಿ. ಬಹಳ ಜನ ಇದನ್ನು ಬಿಡುತ್ತಾರೆ, ಅರ್ಧ ನಷ್ಟ ಅಲ್ಲೇ ಅಡಗಿರುತ್ತದೆ. ಒಂದೊಂದು ಕಡೆ 0.2 ವೋಲ್ಟ್ ದಾಟಿದರೆ ವೈರಿಂಗ್ ಕೆಲಸ ಇದೆ ಅಂತ ಅರ್ಥ.

ಸ್ಟೇಟರ್ ಪರೀಕ್ಷೆ ಇದಕ್ಕಿಂತ ಸುಲಭ. ಕನೆಕ್ಟರ್ ಬಿಚ್ಚಿ, ಹಳದಿ ವೈರ್‌ಗಳ ನಡುವೆ ಎರಡೆರಡರ ಜೋಡಿಯಾಗಿ ಎಸಿ ವೋಲ್ಟೇಜ್ ನೋಡಿ. ಮೂರೂ ಜೋಡಿ ಹೆಚ್ಚುಕಡಿಮೆ ಸಮ ಇರಬೇಕು. 5000 ಆರ್‌ಪಿಎಂನಲ್ಲಿ ಸಾಮಾನ್ಯವಾಗಿ 50 ವೋಲ್ಟ್ ದಾಟುತ್ತದೆ, ಖಚಿತ ಅಂಕಿ ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಇಂಜಿನ್ ಆರಿಸಿ, ಯಾವುದೇ ಹಳದಿ ವೈರ್‌ನಿಂದ ಇಂಜಿನ್ ಬಾಡಿಗೆ ಓಮ್ ನೋಡಿದರೆ ಏನೂ ತೋರಿಸಬಾರದು. ತೋರಿಸಿದರೆ ಕಾಯಿಲ್ ಅರ್ತ್ ಆಗಿದೆ, ಆರ್‌ಆರ್ ಯುನಿಟ್‌ಗೆ ದುಡ್ಡು ಸುರಿಯಬೇಡಿ. ಈ ಮಾತು ಮೂರು ಹಳದಿ ವೈರ್‌ನ ತ್ರೀ ಫೇಸ್ ಬೈಕ್‌ಗಳಿಗೆ. ಹಳೆಯ ಕಮ್ಯೂಟರ್ ಬೈಕ್‌ಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯವರೇ ಅರ್ತ್ ಮಾಡಿರುತ್ತಾರೆ. ಅದನ್ನು ಸ್ಟೇಟರ್ ಪ್ಲೇಟ್‌ನಿಂದ ಎತ್ತಿ ಪ್ರತ್ಯೇಕ ವೈರ್ ಹೊರತರದೆ ಫುಲ್ ವೇವ್ (ಎಸಿಯ ಎರಡೂ ಅರ್ಧವನ್ನು ಬಳಸುವ) ಯುನಿಟ್ ಹಾಕಿದರೆ ಹೊಗೆಯೇ ಗತಿ.

ಯುನಿಟ್‌ನಲ್ಲಿ ಎರಡು ಜಾತಿ. ಶಂಟ್ ಬಗೆಯದು ಹೆಚ್ಚಾದ ಕರೆಂಟನ್ನು ಸ್ಟೇಟರ್‌ಗೇ ಶಾರ್ಟ್ ಮಾಡಿ ತಿರುಗಿಸುತ್ತದೆ. ಹಳೆಯ ಎಸ್‌ಸಿಆರ್ (ಇನ್ನೊಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಯುನಿಟ್‌ಗಳೂ ಜಪಾನಿನ ಶಿಂಡೆಂಗೆನ್ ಕಂಪನಿಯ ಮಾಸ್‌ಫೆಟ್ ಎಫ್‌ಎಚ್020 ಕೂಡ ಈ ಜಾತಿಯವೇ. ಮಾಸ್‌ಫೆಟ್‌ನಲ್ಲಿ ಯುನಿಟ್ ಬಿಸಿಯಾಗುವುದು ಕಡಿಮೆ, ಸ್ಟೇಟರ್‌ನ ಬಿಸಿ ಹಾಗೇ ಇರುತ್ತದೆ. ಅದೇ ಕಂಪನಿಯ ಎಸ್‌ಎಚ್775, ಎಸ್‌ಎಚ್847 ಎರಡನೇ ಜಾತಿಯಾದ ಸೀರೀಸ್ ಬಗೆಯವು, ಬೇಡದಾಗ ಸರ್ಕ್ಯೂಟನ್ನೇ ಬಿಡಿಸುತ್ತವೆ, ಸ್ಟೇಟರ್ ತಣ್ಣಗಿರುತ್ತದೆ. ‘ಎಲ್ಇಡಿ ಹಾಕಿದ್ದೀನಿ, ಲೋಡ್ ಕಡಿಮೆ, ಆದರೂ ಯಾಕೆ ಯುನಿಟ್ ಸುಡುತ್ತೆ?’ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ: ಶಂಟ್ ಯುನಿಟ್‌ನಲ್ಲಿ ಲೋಡ್ ಇಳಿದಷ್ಟೂ ಶಾರ್ಟ್ ಮಾಡುವ ಕೆಲಸ ಹೆಚ್ಚುತ್ತದೆ. 2017ರ ಏಪ್ರಿಲ್ 1ರಿಂದ ಹೊಸ ಬೈಕ್‌ಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವುದು ಕಡ್ಡಾಯವಾದದ್ದರಿಂದ ಯುನಿಟ್ ಹಾಳಾಯಿತು ಅನ್ನುವವರಿಗೂ ಇದೇ ಉತ್ತರ. ಸೀರೀಸ್ ಯುನಿಟ್ ಒಳ್ಳೆಯದೇ, ಆದರೆ ಬಿಡಿಸಿದಾಗ ಸ್ಟೇಟರ್ ಸುರುಳಿಯಲ್ಲಿ ವೋಲ್ಟೇಜ್ ಏರುತ್ತದೆ. ವಾರ್ನಿಷ್ ಸೊರಗಿದ ಹಳೆ ಕಾಯಿಲ್‌ಗೆ, ಲೋಕಲ್ ರಿವೈಂಡ್ ಮಾಡಿಸಿದ್ದಕ್ಕೆ ನಾನು ಹಿಂಜರಿಯುತ್ತೇನೆ.

ವೈರ್ ಎಳೆಯುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಮೂರು ಹಳದಿಯನ್ನು ಯಾವ ಕ್ರಮದಲ್ಲಿ ಕೂಡಿಸಿದರೂ ಸರಿ. ಡಿಸಿ ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಮಾತ್ರ ಯುನಿಟ್ ಅಲ್ಲೇ ಸತ್ತಿತು. ಪಾಸಿಟಿವ್ ನೇರ ಬ್ಯಾಟರಿಗೆ, ಬ್ಯಾಟರಿಯಿಂದ 15 ಸೆಂಟಿಮೀಟರ್ ಒಳಗೆ ಫ್ಯೂಸ್. ದೊಡ್ಡ ತ್ರೀ ಫೇಸ್ ಬೈಕ್‌ಗೆ 30 ಆಂಪಿಯರ್. ನೆಗೆಟಿವ್ ಕೂಡ ಬ್ಯಾಟರಿಗೇ, ಫ್ರೇಮ್‌ನ ಬಣ್ಣ ಬಳಿದ ಬೋಲ್ಟ್‌ಗಲ್ಲ. ಹಾರ್ನೆಸ್ ಕಡೆ ಉಳಿದ ಹಳೆ ಪಾಸಿಟಿವ್ ತುದಿಯಲ್ಲಿ ಬ್ಯಾಟರಿ ಕರೆಂಟ್ ಇರುತ್ತದೆ, ಅದನ್ನು ಮುಚ್ಚಿ ಕಟ್ಟಿ. ಕೆಲವು ಮಾಡೆಲ್‌ಗಳಲ್ಲಿ ಹೀಗೆ ಮಾಡಿದ ಮೇಲೆ ಇಡೀ ಲೋಡ್ ಮೇನ್ ಫ್ಯೂಸ್ ಮೂಲಕ ಹರಿಯುತ್ತದೆ. ಅದು ಹೋಯಿತೆಂದು ದೊಡ್ಡ ಫ್ಯೂಸ್ ತುರುಕಬೇಡಿ, ವೈರಿಂಗ್ ಡಯಾಗ್ರಂ ನೋಡಿ.

ಮನೆ ವೈರಿಂಗ್‌ನಲ್ಲಿ ಉಳಿದ ತುಂಡು ಬೇಡ. ಅದರ ಪಿವಿಸಿ ಸಾಮಾನ್ಯವಾಗಿ 70 ಡಿಗ್ರಿಯದು, ಇಂಜಿನ್ ಪಕ್ಕಕ್ಕೆ 105 ಡಿಗ್ರಿಯ ಆಟೊ ಕೇಬಲ್ ಬೇಕು. ಪಿನ್ನಿಗೆ ಸರಿಯಾದ ಕ್ರಿಂಪಿಂಗ್ ಟೂಲ್, ಕಟಿಂಗ್ ಪ್ಲೈಯರ್ ಅಲ್ಲ. ಬರೀ ಸೋಲ್ಡರ್ ಮಾಡಿದರೆ ಸೀಸ ಹರಿದು ನಿಂತ ಜಾಗದಲ್ಲಿ ವೈರ್ ಗಟ್ಟಿಯಾಗಿ ವೈಬ್ರೇಷನ್‌ಗೆ ಅಲ್ಲೇ ಮುರಿಯುತ್ತದೆ. ಯುನಿಟ್ ಹಿಂದೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ ದಪ್ಪ ಅಲ್ಯೂಮಿನಿಯಂ ಪ್ಲೇಟ್‌ಗೆ ಬಿಗಿಯಿರಿ, ಗಾಳಿ ಬೀಳುವ ಕಡೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಲ್ಲಿಯ ಗಾಳಿ ಅನ್ನಬಹುದು. ಅದಕ್ಕೇ ಪ್ಲೇಟ್ ದಪ್ಪ ಇರಲಿ.

ಯುನಿಟ್‌ನಿಂದ ಒಂದು ಸಣ್ಣ ಸೆನ್ಸ್ ವೈರ್ ಪ್ರತ್ಯೇಕ ಬರುತ್ತಿದ್ದರೆ ಅದು ಹೆಚ್ಚಾಗಿ ಕೀ ಸ್ವಿಚ್ ಮೂಲಕ ಹೋಗಿರುತ್ತದೆ. ಸ್ವಿಚ್‌ನಲ್ಲಿ ತುಕ್ಕಿದ್ದರೆ ಯುನಿಟ್‌ಗೆ ವೋಲ್ಟೇಜ್ ಕಡಿಮೆ ಕಾಣುತ್ತದೆ, ಅದು ಮೇಲೆ ತಳ್ಳುತ್ತದೆ, ಬ್ಯಾಟರಿಗೆ 15 ದಾಟಿ ಆಸಿಡ್ ಕುದಿಯುತ್ತದೆ. ಇಲ್ಲೂ ಬೈಗುಳ ತಿನ್ನುವುದು ಯುನಿಟ್ಟೇ. ಸ್ವಿಚ್ ಸರಿಮಾಡಿ, ಇಲ್ಲವೇ ಸೆನ್ಸ್ ವೈರನ್ನು ರಿಲೇ ಮೂಲಕ ಬ್ಯಾಟರಿಯಿಂದ ಕೊಡಿ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಮೇಲೆ 13.8 ರಿಂದ 14.6 ಬರಬೇಕು. ಲಿಥಿಯಂ ಬ್ಯಾಟರಿ ಇದ್ದರೆ ತಯಾರಕರು ಹೇಳಿದ ಮಿತಿ ದಾಟಬಾರದು. ಕೀ ಆಫ್ ಮಾಡಿ, ನೆಗೆಟಿವ್ ವೈರ್ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿಟ್ಟು ಲೀಕೇಜ್ ನೋಡಿ, ಕೆಲವು ಮಿಲಿಆಂಪಿಯರ್ ಮೀರಬಾರದು. ಆ ಹೊತ್ತಿಗೆ ಅಭ್ಯಾಸಬಲದಿಂದ ಸೆಲ್ಫ್ ಒತ್ತಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ. ವಾರಂಟಿ ಇರುವ ಬೈಕಾದರೆ ಹಾರ್ನೆಸ್ ಕತ್ತರಿಸುವ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಹೊಸ ಪಿನ್‌ಗಳು ಕೂತ ಮೇಲೆ, 500 ಕಿಲೋಮೀಟರ್ ಓಡಿಸಿ, ಅದೇ ಎರಡು ನಷ್ಟದ ಅಂಕಿಗಳನ್ನು ಮತ್ತೆ ಅಳೆದು ಟೇಪಿನ ಮೇಲೆ ಬರೆದು ಸೀಟಿನ ಕೆಳಗೆ ಅಂಟಿಸಿ. ಮುಂದಿನ ಮೆಕ್ಯಾನಿಕ್‌ಗೆ ಊಹೆ ಮಾಡುವ ಕೆಲಸ ತಪ್ಪುತ್ತದೆ.