ತೇಜ್‌ಪುರದ ನಾಲ್ಕನೇ ಕೋರ್: 1962 ಮತ್ತು 1971

ಒಂದು ಸೇನಾ ಕೋರ್ ಎಂದರೆ ಎಷ್ಟು ಜನ ಎಂದು ಕೇಳುವವರೇ ಹೆಚ್ಚು. ಒಂದೊಂದರಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರಿರುವ ಎರಡರಿಂದ ನಾಲ್ಕು ಡಿವಿಷನ್‌ಗಳು, ಅವುಗಳ ಮೇಲೆ ಒಬ್ಬ ಲೆಫ್ಟಿನೆಂಟ್ ಜನರಲ್ ಎಂದರೆ ಲೆಕ್ಕವೇನೋ ಸರಿಹೋಗುತ್ತದೆ. ಆದರೆ ಕೋರ್ ಕೇಂದ್ರ ಕಚೇರಿಯೊಂದರ ಸಿಗ್ನಲ್ಸ್ (ಸಂಪರ್ಕ) ವಿಭಾಗದಲ್ಲಿ ಕೆಲಸ ಮಾಡಿದ ನನಗೆ, ಕೋರ್‌ನ ನಿಜವಾದ ಕೆಲಸ ಕಂಡದ್ದು ಆ ಡಿವಿಷನ್‌ಗಳ ನಡುವಿನ ಹಂಚಿಕೆಯಲ್ಲಿ.

ಒಂದು ಸಮರಾಭ್ಯಾಸದಲ್ಲಿ ಎರಡು ಡಿವಿಷನ್‌ಗಳು ಒಂದೇ ರಾತ್ರಿ ಒಂದೇ ಸೇತುವೆಯನ್ನು ದಾಟಲು ಯೋಜನೆ ಹಾಕಿಕೊಂಡಿದ್ದವು. ನಕ್ಷೆಯ ಮೇಲೆ ಹಾಸಿದ ಪಾರದರ್ಶಕ ಹಾಳೆಯಲ್ಲಿ ನೀಲಿ ಪೆನ್ಸಿಲಿನ ಎರಡು ಗೆರೆಗಳು ಆ ಸೇತುವೆಯ ಬಳಿ ಕೂಡಿಕೊಂಡಾಗಲೇ ಅದು ನಮ್ಮ ಕಣ್ಣಿಗೆ ಬಿದ್ದದ್ದು. ಬಿಡಿಬಿಡಿಯಾಗಿ ನೋಡಿದರೆ ಎರಡು ಯೋಜನೆಗಳಲ್ಲೂ ತಪ್ಪಿರಲಿಲ್ಲ. ಯಾರು ಮೊದಲು ದಾಟಬೇಕು, ಯಾರ ಮದ್ದುಗುಂಡಿನ ಲಾರಿಗಳು ಬೆಳಗಿನವರೆಗೆ ಕಾಯಬೇಕು ಎಂದು ತೀರ್ಮಾನಿಸುವ ಅಧಿಕಾರ ಕೋರ್ ಕಮಾಂಡರಿಗೆ ಮಾತ್ರ ಇತ್ತು. ಡಿವಿಷನ್ ಇಂದಿನ ಕಾಳಗದಲ್ಲಿ ಮುಳುಗಿರುವಾಗ ಕೋರ್ ನಾಳೆ, ನಾಡಿದ್ದಿನ ಕಾಳಗವನ್ನು ಅಣಿಗೊಳಿಸುತ್ತಿರಬೇಕು. ಅದಕ್ಕೆಂದೇ ಫಿರಂಗಿ, ಎಂಜಿನಿಯರ್, ವಾಯುರಕ್ಷಣೆ ಮತ್ತು ಸಿಗ್ನಲ್ಸ್ ಪಡೆಗಳ ಒಂದು ಪಾಲನ್ನು ಯಾವ ಡಿವಿಷನ್ನಿಗೂ ಕೊಡದೆ ಕೋರ್ ತನ್ನ ಕೈಯಲ್ಲೇ ಇಟ್ಟುಕೊಂಡಿರುತ್ತದೆ.

ಇವೆಲ್ಲ ಇಲ್ಲದೆ ಹೆಸರಿಗೆ ಮಾತ್ರ ಕೋರ್ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನಾವು 1962ರ ಚೀನಾ ಯುದ್ಧದಲ್ಲಿ ಕಂಡಿದ್ದೇವೆ. ಈಶಾನ್ಯ ಗಡಿಯ ಹೊಣೆಯನ್ನು 33ನೇ ಕೋರ್‌ನಿಂದ ಬಿಡಿಸಿ, ಅಕ್ಟೋಬರ್ 4ರಂದು ಅಸ್ಸಾಮಿನ ತೇಜ್‌ಪುರದಲ್ಲಿ 4ನೇ ಕೋರ್ ಸ್ಥಾಪಿಸಿ, ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರಿಗೆ ಒಪ್ಪಿಸಲಾಯಿತು. ಅವಸರದಲ್ಲಿ ಕೂಡಿಸಿದ ಸಿಬ್ಬಂದಿ ಒಟ್ಟಿಗೆ ಕೆಲಸ ಮಾಡಿ ಪಳಗಿರಲಿಲ್ಲ. ಕೋರ್ ಕಮಾಂಡರ್ ಸ್ವತಃ ಗಡಿಯಂಚಿನ ನಮ್ಕಾ ಚು ಕಣಿವೆಗೆ ನಡೆದುಹೋಗಿ, ಡಿವಿಷನ್ನಿನ ಒಂದು ಭಾಗವಷ್ಟೇ ಆದ ಒಂದೇ ಬ್ರಿಗೇಡಿನ ಚಲನವಲನವನ್ನು ನಿರ್ದೇಶಿಸತೊಡಗಿದರು. ಅವರ ಧೈರ್ಯದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಕಮಾಂಡರ್ ಬ್ರಿಗೇಡಿನ ಬಳಿ ನಿಂತ ಹೊತ್ತಿನಲ್ಲಿ ಇಡೀ ಗಡಿಯನ್ನು ಕೋರ್‌ನ ಕಣ್ಣಿನಿಂದ ನೋಡುವವರು ಇಲ್ಲವಾದರು. ಅಕ್ಟೋಬರ್ 20ರಂದು ಚೀನಾದ ದಾಳಿ ಆರಂಭವಾದಾಗ ಅವರು ಕಾಯಿಲೆ ಬಿದ್ದು ದೆಹಲಿಯಲ್ಲಿದ್ದರು. ಹಾಸಿಗೆಯಿಂದಲೇ ಕೋರ್ ನಡೆಸಲು ಯತ್ನಿಸಿದರು. ಮುಂದೆ ನಿಂತಿದ್ದ ಸೈನಿಕರು ಅದಕ್ಕೆ ತೆತ್ತ ಬೆಲೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದೇ 4ನೇ ಕೋರ್ 1971ರ ಬಾಂಗ್ಲಾದೇಶ ಯುದ್ಧದಲ್ಲಿ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಕೈಯಲ್ಲಿತ್ತು. ಈ ಸಲ ಸಿದ್ಧತೆಗೆ ತಿಂಗಳುಗಳ ಸಮಯ ಸಿಕ್ಕಿತ್ತು. ತ್ರಿಪುರಾದ ಇಕ್ಕಟ್ಟಾದ ರಸ್ತೆಗಳನ್ನು ಸುಧಾರಿಸಿ, ಮದ್ದುಗುಂಡು, ಇಂಧನ, ದಿನಸಿಗಳನ್ನು ಮೊದಲೇ ಶೇಖರಿಸಿ, ಟೆಲಿಯಾಮುರದಲ್ಲಿ ಕೋರ್‌ನ ಮುಂಚೂಣಿ ಕಚೇರಿಯನ್ನು ತೆರೆಯಲಾಯಿತು. 8, 23 ಮತ್ತು 57ನೇ ಮೌಂಟನ್ ಡಿವಿಷನ್‌ಗಳು ಆಗಿನ ಪೂರ್ವ ಪಾಕಿಸ್ತಾನದ ಸಿಲ್ಹೆಟ್, ಚಾಂದ್‌ಪುರ ಮತ್ತು ಆಶುಗಂಜ್ ಕಡೆಗೆ ಮೂರು ದಿಕ್ಕಿನಲ್ಲಿ ನುಗ್ಗಿದವು. ಎದುರಿಗಿದ್ದ ಮೇಘನಾ ನದಿಯೇ ಕೋರ್‌ಗೆ ಹಾಕಿಕೊಟ್ಟ ಮಿತಿಯಾಗಿತ್ತು, ಆಶುಗಂಜ್‌ನ ರೈಲು ಸೇತುವೆಯನ್ನು ಪಾಕಿಸ್ತಾನಿ ಸೇನೆ ಸ್ಫೋಟಿಸಿತ್ತು.

ಸಗತ್ ಸಿಂಗ್ ಅವರ ಕೈಯಲ್ಲಿ ವಾಯುಪಡೆಯ ಕೆಲವೇ ಮಿ-4 ಹೆಲಿಕಾಪ್ಟರ್‌ಗಳಿದ್ದವು. ಡಿಸೆಂಬರ್ 7ರಂದು ಅವು 8ನೇ ಡಿವಿಷನ್ನಿನ ಗೂರ್ಖಾ ಬೆಟಾಲಿಯನ್ ಒಂದನ್ನು ಸಿಲ್ಹೆಟ್ ಬಳಿ ಇಳಿಸಿದ್ದವು. ಅಲ್ಲಿ ಸುತ್ತುವರಿದ ಶತ್ರುಗಳ ನಡುವೆ ಗೂರ್ಖಾಗಳು ಇನ್ನೂ ಕಾದಾಡುತ್ತಿದ್ದಾಗ, ಅವೇ ಹೆಲಿಕಾಪ್ಟರ್‌ಗಳನ್ನು ದಕ್ಷಿಣಕ್ಕೆ ತಿರುಗಿಸುವುದು ಸುಲಭದ ನಿರ್ಧಾರವಾಗಿರಲಿಲ್ಲ. ಅದು 8ನೇ ಡಿವಿಷನ್ ಕೇಳಬಹುದಾದ ವಿಷಯವೂ ಅಲ್ಲ, 57ನೇ ಡಿವಿಷನ್ ಕೈಚಾಚಿ ಪಡೆಯಬಹುದಾದದ್ದೂ ಅಲ್ಲ. ಕೋರ್ ಕಮಾಂಡರ್ ಅವನ್ನು ತಿರುಗಿಸಿದರು. ಡಿಸೆಂಬರ್ 9ರಿಂದ ಅವು ಸರದಿಯ ಮೇಲೆ ಸರದಿ ಹಾರುತ್ತ 57ನೇ ಡಿವಿಷನ್ನಿನ ಸೈನಿಕರನ್ನು ಮೇಘನಾದ ಪಶ್ಚಿಮ ದಡದ ರಾಯ್‌ಪುರಾದಲ್ಲಿ, ಢಾಕಾದ ದಾರಿಯ ಮೇಲೆ, ಇಳಿಸತೊಡಗಿದವು.