ಲಿ ಜಿಚಿ ಎಂಬ ಹೆಸರು ಯಾರದು?

ಚೀನಾದ ಸಿಚುವಾನ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹೆಣ್ಣುಮಗಳೊಬ್ಬರು ಸೋಯಾ ಬಿತ್ತುತ್ತಾರೆ, ಕೊಯ್ಯುತ್ತಾರೆ, ಕಾಳು ಬೇಯಿಸಿ ಹುದುಗಿಸಿ ಕೊನೆಗೆ ಸಾಸ್ ಇಳಿಸುತ್ತಾರೆ. ಪಕ್ಕದಲ್ಲಿ ಅಜ್ಜಿ. ಮಾತು ತೀರಾ ಕಡಿಮೆ. ಲಿ ಜಿಚಿ ಎಂಬ ಹೆಸರಿನ ಈ ವಿಡಿಯೊಗಳಿಗೆ 2021ರ ಆರಂಭದಲ್ಲಿ ಯೂಟ್ಯೂಬಿನಲ್ಲಿ 1.41 ಕೋಟಿ ಚಂದಾದಾರರಿದ್ದರು; ಚೀನೀ ಭಾಷೆಯ ಚಾನೆಲ್‌ಗಳ ಮಟ್ಟಿಗೆ ಅದು ಗಿನ್ನೆಸ್ ದಾಖಲೆ. ಅದೇ ವರ್ಷದ ಜುಲೈ ನಂತರ ವಿಡಿಯೊ ಬರುವುದು ನಿಂತುಹೋಯಿತು. ಆದರೆ ಅದೇ ಹೆಸರಿನ ಅಂಗಡಿ ನಿಲ್ಲಲಿಲ್ಲ. ಬಸವನಹುಳುವಿನ ಸಾರಿಗೆ ಹುಳಿಬಂದ ಕಳಲೆ ಹಾಕುವ, ಮೂಗು ಮುಚ್ಚಿಕೊಂಡು ಬಾಯಿ ಚಪ್ಪರಿಸುವಂಥ ಅಕ್ಕಿ ಶ್ಯಾವಿಗೆಯ ಪೊಟ್ಟಣಗಳು ಲಿ ಜಿಚಿ ಹೆಸರಿನಲ್ಲೇ ಮಾರಾಟವಾಗುತ್ತಿದ್ದವು.

ಮಾರುತ್ತಿದ್ದದ್ದು ಹಾಂಗ್‌ಝೌ ನಗರದ ವೇಯ್‌ನಿಯನ್ ಎಂಬ ಕಂಪನಿ. ಇಂಥವುಗಳನ್ನು ಎಂಸಿಎನ್ (ಮಲ್ಟಿ-ಚಾನೆಲ್ ನೆಟ್‌ವರ್ಕ್) ಎನ್ನುತ್ತಾರೆ: ಹಲವು ಚಾನೆಲ್‌ಗಳನ್ನು ಒಂದೇ ಸೂರಿನಡಿ ಕೂಡಿಸಿ, ಜಾಹೀರಾತು ತಂದು, ಲೆಕ್ಕಪತ್ರ ನೋಡಿ, ಪಾಲು ಪಡೆಯುವ ಮಧ್ಯವರ್ತಿ ಸಂಸ್ಥೆ. ನಮ್ಮ ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಂಡಿಯಿಂದ ಮುಂಗಡ ತಂದವನ ಅಡಿಕೆ ಎಲ್ಲಿಗೆ ಹೋಗಬೇಕೆಂಬುದು ಗೊನೆ ಬಲಿಯುವ ಮೊದಲೇ ತೀರ್ಮಾನವಾಗಿರುತ್ತದೆ.

ಈ ಕಸುಬು ಹುಟ್ಟಿದ್ದು ಅಮೆರಿಕದಲ್ಲಿ. ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡತೊಡಗಿದ್ದು 2007ರಲ್ಲಿ. ಸಾವಿರಾರು ಸಣ್ಣ ಚಾನೆಲ್‌ಗಳ ಜೊತೆ ಒಂದೊಂದಾಗಿ ವ್ಯವಹರಿಸುವಷ್ಟು ಪುರುಸೊತ್ತು ದೊಡ್ಡ ಜಾಹೀರಾತುದಾರರಿಗೆ ಇರಲಿಲ್ಲ; ಕೃತಿಸ್ವಾಮ್ಯದ ತಕರಾರು ಬಂದರೆ ಮನೆಯಲ್ಲಿ ಕುಳಿತು ಕ್ಯಾಮೆರಾ ಹಿಡಿದವನಿಗೆ ದಿಕ್ಕು ತೋಚುತ್ತಿರಲಿಲ್ಲ. ಆ ನಡುವಿನ ಜಾಗಕ್ಕೆ ಮೇಕರ್ ಸ್ಟುಡಿಯೋಸ್, ಮಶಿನಿಮಾದಂಥ ಕಂಪನಿಗಳು ಬಂದವು. 2014ರಲ್ಲಿ ಡಿಸ್ನಿ ಮೇಕರ್ ಅನ್ನು 50 ಕೋಟಿ ಡಾಲರಿಗೆ ಕೊಂಡಿತು, ಗುರಿ ಮುಟ್ಟಿದರೆ ಇನ್ನೂ 45 ಕೋಟಿವರೆಗೆ ಕೊಡುವ ಮಾತೂ ಇತ್ತು. ಹತ್ತಾರು ಸಾವಿರ ಚಾನೆಲ್‌ಗಳ ಆ ಹಿಂಡು 2017ರಲ್ಲಿ ಸುಮಾರು 300ಕ್ಕೆ ಇಳಿಯಿತು. ಕಾರಣ ಸರಳ ಗಣಿತ. ನೋಟಗಳು ಎಲ್ಲರಿಗೂ ಸಮವಾಗಿ ಹಂಚಿಹೋಗುವುದಿಲ್ಲ. ಬೆರಳೆಣಿಕೆಯ ಚಾನೆಲ್‌ಗಳು ಬಹುಪಾಲನ್ನು ಬಾಚಿಕೊಳ್ಳುತ್ತವೆ. ಉಳಿದವರನ್ನು ಸಾಕುವ ಖರ್ಚು ಅವರಿಂದ ಹುಟ್ಟುವುದಿಲ್ಲ.

ಹಾಗಾದರೆ ಅಷ್ಟೊಂದು ಜನರನ್ನು ಸೇರಿಸಿಕೊಂಡದ್ದೇಕೆ? ಯಾವ ಬೀಜ ಮೊಳೆಯುತ್ತದೆಂದು ಮೊದಲೇ ತಿಳಿಯದು ಎಂಬುದು ಅರ್ಧ ಉತ್ತರ. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನರ್ಧ. ಟಿಕ್‌ಟಾಕ್‌ನ ಚೀನೀ ರೂಪವಾದ ಡೌಯಿನ್‌ನಂಥ ತಾಣದಲ್ಲಿ ಹೊಸ ವಿಡಿಯೊ ಮೊದಲು ಸಣ್ಣ ಗುಂಪಿನ ಮುಂದೆ ಬೀಳುತ್ತದೆ. ಅವರು ಎಷ್ಟು ಹೊತ್ತು ನೋಡಿದರು, ಮೆಚ್ಚಿದರೋ, ಹಂಚಿದರೋ ಎಂಬುದನ್ನು ಅಳೆದು ತಾಣದ ಗಣಕಸೂತ್ರ (ಅಲ್ಗಾರಿದಮ್) ಆ ವಿಡಿಯೊವನ್ನು ಇನ್ನೂ ದೊಡ್ಡ ಗುಂಪಿಗೆ ದಾಟಿಸುತ್ತದೆ ಅಥವಾ ಅಲ್ಲಿಗೇ ಬಿಡುತ್ತದೆ. ಒಂದೇ ಚಾನೆಲ್ ನಡೆಸುವವನಿಗೆ ಕಾಣುವುದು ಅವನ ಸೋಲು ಗೆಲುವು ಮಾತ್ರ. ನೂರಾರು ಚಾನೆಲ್‌ಗಳನ್ನು ಒಟ್ಟಿಗೆ ನೋಡುವ ಸಂಸ್ಥೆಗೆ ಸೂತ್ರದ ಒಲವೇ ಕಾಣತೊಡಗುತ್ತದೆ: ಯಾವ ಆರಂಭಕ್ಕೆ ಜನ ನಿಲ್ಲುತ್ತಾರೆ, ಎಷ್ಟನೇ ಸೆಕೆಂಡಿಗೆ ಎದ್ದು ಹೋಗುತ್ತಾರೆ. ಬೇಕಾದರೆ ದುಡ್ಡು ಕೊಟ್ಟು ಮೊದಲ ಗುಂಪನ್ನು ಹಿಗ್ಗಿಸಬಹುದು. ಡೌಯಿನ್‌ನಲ್ಲಿ ಅದಕ್ಕೆ ಡೌ ಪ್ಲಸ್ ಎಂಬ ಸೌಲಭ್ಯವೇ ಇದೆ. ಕಲಿತದ್ದು ಮರುದಿನ ಸೂಚನೆಯಾಗಿ ಎಲ್ಲ ಚಾನೆಲ್‌ಗಳಿಗೂ ಹೋಗುತ್ತದೆ. ಒಂದೇ ಬಗೆಯ ಬೆರಗಿನ ಮುಖ, ಒಂದೇ ಬಗೆಯ ಮೊದಲ ವಾಕ್ಯ ಊರೆಲ್ಲ ಹಬ್ಬುವುದರಲ್ಲಿ ಇದರ ಪಾಲೂ ಇದೆ.

ಏನು ಹೇಳಬಾರದು ಎಂಬುದೂ ಒಪ್ಪಂದದಲ್ಲಿ ಇರಬಹುದು. ಎಕ್ಸ್‌ಬಾಕ್ಸ್ ಒನ್ ಆಟಯಂತ್ರದ ಪ್ರಚಾರಕ್ಕೆ ಮಶಿನಿಮಾ ವಿಡಿಯೊ ಮಾಡುವವರಿಗೆ ಹಣ ಕೊಟ್ಟಿತ್ತು. ಯಂತ್ರದ ಬಗ್ಗೆ ಕೆಟ್ಟ ಮಾತು ಆಡಕೂಡದೆಂಬ ಷರತ್ತೂ ಇತ್ತು. ಹಣ ಪಡೆದ ಸಂಗತಿ ನೋಡುಗರಿಗೆ ಸರಿಯಾಗಿ ತಿಳಿದಿರಲಿಲ್ಲವೆಂದು 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯನ್ನು ಹಿಡಿದು ನಿಲ್ಲಿಸಿತು. ಹಣದ ದಾರಿಯೂ ಮಧ್ಯವರ್ತಿಯ ಮನೆಯ ಮೂಲಕವೇ. 2018ರ ನವೆಂಬರ್‌ನಲ್ಲಿ ಡೆಫಿ ಮೀಡಿಯಾ ಎಂಬ ಇಂಥದೇ ಇನ್ನೊಂದು ಅಮೆರಿಕನ್ ಕಂಪನಿ ಬಾಗಿಲು ಹಾಕಿದಾಗ ಅನೇಕರು ದುಡಿದ ಜಾಹೀರಾತಿನ ಹಣ ಅಲ್ಲೇ ಸಿಕ್ಕಿಕೊಂಡಿತು.

ಲಿ ಜಿಚಿ ಅವರ ಗಂಟು ಇನ್ನೂ ಬಿಗಿ. ಅವರ ನಿಜ ಹೆಸರು ಲಿ ಜಿಯಾಜಿಯಾ; ಲಿ ಜಿಚಿ ಎಂಬುದು ತೆರೆಯ ಹೆಸರು. ಅವರೂ ವೇಯ್‌ನಿಯನ್ ಸಂಸ್ಥೆಯೂ ಸೇರಿ ಕಟ್ಟಿದ ಕಂಪನಿಯಲ್ಲಿ ಅವರ ಪಾಲು ಶೇ. 49, ವೇಯ್‌ನಿಯನ್ ಪಾಲು ಶೇ. 51. ಶ್ಯಾವಿಗೆಯ ವ್ಯಾಪಾರವಂತೂ ಅದರ ಹೊರಗೆ, ವೇಯ್‌ನಿಯನ್ ಕೈಯಲ್ಲೇ ಇತ್ತು. ನೋಡುವವರ ಪ್ರೀತಿ ಒಬ್ಬರಿಗೆ, ಪ್ರೀತಿಯ ಫಸಲು ಇನ್ನೊಬ್ಬರಿಗೆ. ಕೈಕೆಲಸವನ್ನು ಬಿಟ್ಟು ಅವರ ಬಳಿ ಬೇರೆ ಅಸ್ತ್ರವಿರಲಿಲ್ಲ. ಅದನ್ನೇ ನಿಲ್ಲಿಸಿದರು, ಕೋರ್ಟಿಗೂ ಹೋದರು.

2022ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ಕಂಪನಿಯಲ್ಲಿ ಅವರ ಪಾಲು ಶೇ. 99ಕ್ಕೆ ಏರಿತು, ವೇಯ್‌ನಿಯನ್‌ಗೆ ಶೇ. 1 ಉಳಿಯಿತು. ಆದರೂ ಅವರು ಮತ್ತೆ ತೆರೆಗೆ ಬಂದದ್ದು 2024ರ ನವೆಂಬರ್‌ನಲ್ಲಿ, ಅಜ್ಜಿಯ ಬಟ್ಟೆ ಬೀರುವಿಗೆ ಮರದ ರಸದಿಂದಾದ ಮೆರುಗನ್ನು ಪದರದ ಮೇಲೆ ಪದರವಾಗಿ ಬಳಿದು ಕೆತ್ತುವ ವಿಡಿಯೊದೊಂದಿಗೆ. ಮೆರುಗಿನ ಒಂದೊಂದು ಪದರವೂ ಒಣಗುವವರೆಗೆ ಕಾಯಬೇಕು. ಅಷ್ಟು ಕಾಯುವ ಕೆಲಸವನ್ನು ಯಾವ ಸಂಸ್ಥೆಯೂ ಸೂಚನಾಪಟ್ಟಿಯಲ್ಲಿ ಬರೆದುಕೊಡುತ್ತಿರಲಿಲ್ಲ.